ತಂಬಿಗೆ ಕುಟ್ಟುವ ಕೆಲಸ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅನ್ನಕ್ಕಿಂತ ಪೀಪಿಗೆ ಮರ್ಯಾದೆ ಹೆಚ್ಚು. ಪೀಪಿ ಅಂದರೆ ಓಲಗದ ಬಾಯಿಗೆ ಸಿಕ್ಕಿಸುವ ಜೊಂಡಿನ ತುಂಡು. ಹೆಬ್ಬೆರಳಿನ ಅರ್ಧ ಇರುತ್ತದೆ. ಅದಿಲ್ಲದಿದ್ದರೆ ಓಲಗ ಬರೀ ಮರದ ಕೊಳವೆ. ಗುಂಡ್ಲುಪೇಟೆಯಲ್ಲಿ ನಮ್ಮ ಮನೆ ಪೇಟೆಯ ಹಿಂದಿನ ಬೀದಿಯ ಕೊನೆಯಲ್ಲಿತ್ತು. ಎರಡು ಅಂಕಣ, ಒಂದು ಜಗಲಿ, ಹಿಂದೆ ಒಂದು ನುಗ್ಗೆಮರ. ಮುಂದಿನ ಅಂಕಣದ ಗೋಡೆಯಲ್ಲಿ ಎರಡು ಗೂಡು. ಒಂದರಲ್ಲಿ ಅಪ್ಪನ ಕ್ಷೌರದ ಪೆಟ್ಟಿಗೆ, ಇನ್ನೊಂದರಲ್ಲಿ ಕೆಂಪು ಬಟ್ಟೆಯ ಚೀಲದೊಳಗೆ ಓಲಗ. ಬೆಳಿಗ್ಗೆ ಕತ್ತಿ ಹಿಡಿದ ಕೈಯಲ್ಲೇ ಅಪ್ಪ ಮುಹೂರ್ತಕ್ಕೆ ಓಲಗ ಹಿಡಿಯುತ್ತಿದ್ದ. ಓಲಗದ ಗೂಡಿಗೆ ದಿನಾ ಊದುಬತ್ತಿ, ಕತ್ತಿಯ ಗೂಡಿಗೆ ಏನೂ ಇಲ್ಲ. ಊರಿನವರು ಹಾಗೆ ಭೇದ ಮಾಡುತ್ತಿರಲಿಲ್ಲ. ಗಡ್ಡ ಕೆರೆಯಲು ಹೋದರೂ ಜಗಲಿ, ಓಲಗ ಊದಲು ಹೋದರೂ ಜಗಲಿ. ನಮ್ಮ ಅಪ್ಪ ಊದದೆ ತಾಳಿ ಕಟ್ಟಿದ ಮನೆ ಸುತ್ತಮುತ್ತ ಕಡಿಮೆ. ಆದರೆ ಆ ತಾಳಿ ಕಟ್ಟುವುದನ್ನು ಅವನು ಕಣ್ಣಾರೆ ಕಂಡದ್ದೂ ಕಡಿಮೆ. ಜನರ ಬೆನ್ನು ಅಡ್ಡ ಇರುತ್ತಿತ್ತು.

ಮದುವೆ ಕಾಲದಲ್ಲಿ ನಮಗೆ ಊಟ ಬಕೆಟ್ಟಿನಲ್ಲಿ ಬರುತ್ತಿತ್ತು. ಹುಳಿ, ಪಾಯಸ, ಪಲ್ಯ, ವಡೆ ಎಲ್ಲ ಒಂದರ ಮೇಲೆ ಒಂದು. ಕೊಟ್ಟವರು ಬೇರೆ ಬೇರೆ ಪಾತ್ರೆ ಹುಡುಕುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಅವ್ವ ಆ ಬಕೆಟ್ಟಿನ ಮುಂದೆ ಕೂತು ವಡೆಗಳನ್ನು ಒಂದೊಂದಾಗಿ ಎತ್ತಿ ನೀರಿನಲ್ಲಿ ಅದ್ದಿ, ಪಾಯಸ ತೊಳೆದು, ಕಾವಲಿಯ ಮೇಲೆ ಮತ್ತೆ ಕಾಯಿಸುತ್ತಿದ್ದಳು. ಪಾಯಸ ಬೆರೆತ ಹುಳಿಯನ್ನು ಮಾತ್ರ ಏನೂ ಮಾಡಲಾಗುತ್ತಿರಲಿಲ್ಲ. ಹಾಗೇ ಉಣ್ಣುತ್ತಿದ್ದೆವು. ಮದುವೆ ಊಟ ಅಂದರೆ ಸಿಹಿ ಸಿಹಿ ಹುಳಿ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಆಷಾಢ ಬಂದರೆ ಅದೂ ಇಲ್ಲ. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ರಾಗಿ ಮುದ್ದೆ, ನುಗ್ಗೆಸೊಪ್ಪಿನ ಸಾರು, ಮಾರನೆಯ ದಿನ ಮತ್ತೆ ನುಗ್ಗೆಸೊಪ್ಪು. ಆ ಒಂದು ತಿಂಗಳು ಅಪ್ಪ ಜೊಂಡನ್ನು ಭತ್ತದ ಜೊತೆ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಪೀಪಿ ಕಟ್ಟುತ್ತಿದ್ದ. ಅದಕ್ಕೆ ಹಾಕುವ ಭತ್ತವನ್ನು ಅವ್ವ ನೋಡುವ ನೋಟ ನನಗೆ ಈಗಲೂ ಗೊತ್ತು. ಇದೇ ತಿಂಗಳಲ್ಲಿ ಅಪ್ಪ ನನ್ನ ತಮ್ಮ ನಂಜುಂಡನಿಗೆ ಪಾಠ ಹೇಳುತ್ತಿದ್ದದ್ದು. ಪುಸ್ತಕ ಇಲ್ಲ, ಬರೆಯುವುದಿಲ್ಲ. ಅಪ್ಪ ಬಾಯಲ್ಲಿ ಹೇಳುವುದು, ನಂಜುಂಡ ಓಲಗದಲ್ಲಿ ಹೇಳುವುದು. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು. ಒಳಗಿನ ಅಂಕಣದಲ್ಲಿ ಒಲೆ ಊದುತ್ತಿದ್ದೆ.

ಪಾಠದಲ್ಲಿ ಮೊದಲನೆಯದು ಸ್ವರ ಅಲ್ಲ, ಬೆರಳು. ಮುಹೂರ್ತದ ಹೊತ್ತಿಗೆ ಗಂಡು ತಾಳಿ ಎತ್ತಿದಾಗ ಹಿರಿಯರೊಬ್ಬರು ಕೈ ಮೇಲೆತ್ತಿ ತೋರುಬೆರಳು ಅಲ್ಲಾಡಿಸುತ್ತಾರೆ. ಆಗ ಓಲಗದವರು ಏನು ನುಡಿಸುತ್ತಿದ್ದರೂ ಅದನ್ನು ಅಲ್ಲೇ ಬಿಟ್ಟು ಗಟ್ಟಿಮೇಳ ಹಾಕಬೇಕು. ಓಲಗ, ಡೋಲು ಎಲ್ಲ ಒಟ್ಟಿಗೆ, ಇದ್ದ ಉಸಿರನ್ನೆಲ್ಲ ಸುರಿದು. ಆ ಗಳಿಗೆಯಲ್ಲಿ ಯಾರೋ ಸೀನಿದ್ದು, ಯಾರೋ ಅತ್ತದ್ದು, ಕೆಟ್ಟ ಮಾತು ಆಡಿದ್ದು ಗಂಡು ಹೆಣ್ಣಿನ ಕಿವಿಗೆ ಬೀಳಬಾರದು ಅಂತ. ಬೇಗೂರಿನ ಒಂದು ಮದುವೆಯಲ್ಲಿ ಅಪ್ಪ ಪೀಪಿ ಬದಲಾಯಿಸುತ್ತಿದ್ದಾಗ ಬೆರಳು ಎದ್ದುಬಿಟ್ಟಿತು. ಎರಡು ಉಸಿರು ತಡ. ಅಷ್ಟರಲ್ಲಿ ಯಾರೋ ಸೀನಿದರು. ಆ ವರ್ಷ ಆ ಮನೆಯಲ್ಲಿ ಏನು ಕೆಟ್ಟದ್ದಾದರೂ, ಎಮ್ಮೆಯ ಕರು ಸತ್ತರೂ, ಓಲಗದವನ ಹೆಸರು. ಆಮೇಲೆ ಎಷ್ಟೋ ದಿನ ಬೇಗೂರಿನವರು ನಮ್ಮನ್ನು ಕರೆಯಲಿಲ್ಲ. ಅವತ್ತಿನಿಂದ ಅಪ್ಪ ಉಣ್ಣುವಾಗ, ಹಲ್ಲು ಉಜ್ಜುವಾಗ, ಜಗಳ ಆಡುವಾಗ, ಯಾವಾಗ ಬೇಕಾದರೂ ಬೆರಳು ಎತ್ತುತ್ತಿದ್ದ. ನಂಜುಂಡ ಎಂಜಲು ಕೈಯಲ್ಲೇ ಓಡಿ ಓಲಗ ತೆಗೆದುಕೊಳ್ಳಬೇಕು. ತಡವಾದರೆ ಏಟು.

“ಯೋಚ್ನೆ ಮಾಡ್ಬೇಡ ಕಣ್ಲಾ. ಬೆರಳು ಎದ್ರೆ ಊದು. ಯಾರ ಬೆರಳು, ಯಾಕೆ ಎತ್ತುದ್ರು, ಅದೆಲ್ಲ ನಿಂಗ್ಯಾಕೆ?”

ಒಂದು ಆಷಾಢದಲ್ಲಿ ಅಪ್ಪ ಕತ್ತಿ ಮಸೆಯುತ್ತಾ ಪಾಠ ಹೇಳುತ್ತಿದ್ದ. ನಂಜುಂಡ ತೋಡಿ ರಾಗ ಊದುತ್ತಿದ್ದ. ಅಪ್ಪನ ಗಮನ ಕತ್ತಿಯ ಮೇಲೆ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಪ್ಪಾ, ಇವ್ನು ತಪ್ಪುದ.”

“ನೀನು ಒಲೆ ನೋಡ್ಕ ಓಗಮ್ಮಿ.”

“ಇಳಿಯೋವಾಗ ತಪ್ಪುದ. ನೀನು ಏಳಿದ್ದು ಅಂಗಲ್ಲ.”

ಅಪ್ಪ ಮತ್ತೆ ಊದಿಸಿದ. ತಪ್ಪಿದ್ದು ನಿಜ. ಆಮೇಲೆ ತಾನೇ ಓಲಗ ಇಸಿದುಕೊಂಡು ಊದಿ, ನಡುವೆ ಬೇಕೆಂದೇ ಒಂದು ಕಡೆ ತಪ್ಪಿದ. ಅದನ್ನೂ ಹೇಳಿದೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ನನ್ನನ್ನು ನೋಡಿದ. ನಾನು ಅದೇ ಸಮಯ ಅಂತ ಕೇಳಿಬಿಟ್ಟೆ.

“ನಂಗೂ ಊದಕ್ಕೆ ಕೊಡಪ್ಪ.”

“ಎಣ್ಣು ಬಾಯಿಟ್ರೆ ಪೀಪಿ ಬಿರುಕು ಬುಡ್ತದೆ. ಓಗು, ಒಂದು ತಂಬಿಗೆ ತಕ್ಕಂಬಾ.”

ಅವತ್ತಿನಿಂದ ನನಗೆ ಕೆಲಸ ಸಿಕ್ಕಿತು. ಒಳಬಾಗಿಲ ಹಿಂದೆ ತಂಬಿಗೆ ಹಿಡಿದು ಕೂರಬೇಕು. ನಂಜುಂಡ ತಪ್ಪಿದ ಕಡೆ ತಂಬಿಗೆಯನ್ನು ನೆಲಕ್ಕೆ ಕುಟ್ಟಬೇಕು. ಮಾತು ಆಡುವ ಹಾಗಿಲ್ಲ, ಏನು ತಪ್ಪು ಅಂತ ಹೇಳುವ ಹಾಗಿಲ್ಲ, ಕುಟ್ಟುವುದಷ್ಟೇ. ಕುಟ್ಟಿದರೆ ಅಪ್ಪ ಅವನ ಮೊಣಕಾಲಿನ ಮೇಲೆ ಹುಣಸೆ ಬರಲಿನಿಂದ ಒಂದು ಏಟು ಕೊಡುತ್ತಿದ್ದ. ಸರಿಯಾಗಿ ಊದಿದ್ದಕ್ಕೆ ನನ್ನ ಕಡೆಯಿಂದ ಏನೂ ಇಲ್ಲ. ಚೆನ್ನಾಗಿದೆ ಅಂತ ತಿಳಿಸುವ ಸದ್ದನ್ನು ಅಪ್ಪ ಗೊತ್ತು ಮಾಡಿರಲಿಲ್ಲ. ಹೀಗೆ ಐದಾರು ವರ್ಷ. ತೋಡಿಯಲ್ಲಿ ಗಾಂಧಾರ ಅನ್ನುವ ಸ್ವರ ಗೂಟದ ಹಾಗೆ ನಿಲ್ಲಬಾರದು, ಅಲ್ಲಾಡಬೇಕು. ಕಲ್ಯಾಣಿ ರಾಗದಲ್ಲಿ ಮಧ್ಯಮ ಸ್ವಲ್ಪ ಇಳಿದರೂ ಅದು ಶಂಕರಾಭರಣದ ಮನೆಗೆ ಹೊಕ್ಕುಬಿಡುತ್ತದೆ. ಇಂಥವೆಲ್ಲ ನಾನು ಬಾಗಿಲ ಹಿಂದೆ ಕೂತು ಕಲಿತೆ. ಎಲ್ಲಿ ಸರಿ ಇದೆ ಅಂತ ಹುಡುಕಿ ಕೇಳುವ ಅಭ್ಯಾಸವೇ ನನಗೆ ಬರಲಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ನನಗೆ ಇದ್ದ ವಿದ್ಯೆ ಇದೊಂದೇ.

ಇದರಲ್ಲಿ ಒಂದು ಸಂಗತಿ ನಂಜುಂಡನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಒಂದು ಸಲ ಯಾರದೋ ಮದುವೆಯಿಂದ ನಾಲ್ಕು ಒಬ್ಬಟ್ಟು ಬಂದಿತ್ತು. ಅಪ್ಪನಿಗೆ ಎರಡು, ನಂಜುಂಡನಿಗೆ ಎರಡು. ಊದುವವರಿಗೆ ಶಕ್ತಿ ಬೇಕು ಅಂತ ಅವ್ವ ಅಂದಳು. ಆ ಸಂಜೆ ನಂಜುಂಡ ಎಂದೂ ಊದದ ಹಾಗೆ ಚೆನ್ನಾಗಿ ಊದಿದ. ನಾನು ತಂಬಿಗೆ ಕುಟ್ಟಿದೆ. ಅಪ್ಪ ಕತ್ತಿ ಮಸೆಯುತ್ತಲೇ ಏಟು ಕೊಟ್ಟ. ಅವನು ಮತ್ತೆ ಅದನ್ನೇ ಸರಿಯಾಗಿ ಊದಿದ. ನಾನು ಮತ್ತೆ ಕುಟ್ಟಿದೆ. ಮೂರನೆಯ ಸಲ ಅವನೇ ಗಾಬರಿಯಾಗಿ ನಿಜಕ್ಕೂ ತಪ್ಪಿದ. ಅವತ್ತಿನ ಮೇಲೆ ಅವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಹೋಯಿತು. ದೊಡ್ಡವನಾಗಿ ಮದುವೆಗಳಲ್ಲಿ ಊದುವಾಗಲೂ ಅರ್ಧದಲ್ಲಿ ಒಂದು ಸಲ ಹಿಂದೆ ತಿರುಗಿ ನೋಡುತ್ತಿದ್ದ. ಕೊನೆಗೆ ಓಲಗ ಬಿಟ್ಟು ಡೋಲು ಹಿಡಿದ. ಕೈ ನೋವು, ಎದೆ ಬಿಗಿ ಅಂತ ಏನೇನೋ ಹೇಳಿಕೊಂಡ. ಕಾರಣ ನನಗೆ ಗೊತ್ತಿತ್ತು.

ನನ್ನನ್ನು ಚಂದಕವಾಡಿಗೆ ಕೊಟ್ಟರು. ಅಲ್ಲೂ ಬಾಯಿ ಸುಮ್ಮನಿರಲಿಲ್ಲ. ಅತ್ತೆ ಮಾಡಿದ ಸಾರಿಗೆ ಉಪ್ಪು, ಮೈದುನ ಕಟ್ಟಿದ ಗೋಡೆಗೆ ಓರೆ, ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಹೇಳಿದ್ದು ಯಾವುದೂ ಸುಳ್ಳಲ್ಲ. ಗಂಡ ಸತ್ತ ಹದಿಮೂರನೆಯ ದಿನಕ್ಕೆ ಮೈದುನರು ನನ್ನ ಬಟ್ಟೆ ಗಂಟು ಕಟ್ಟಿ ಕೊಟ್ಟರು. ಮಕ್ಕಳಿರಲಿಲ್ಲ. ಹೊರಟು ಬಂದು ತಮ್ಮನ ಮನೆ, ಅಂದರೆ ಅದೇ ಎರಡು ಅಂಕಣದ ಮನೆ ಸೇರಿದೆ. ಅಪ್ಪ ಅವ್ವ ಆಗಲೇ ಹೋಗಿದ್ದರು. ನಂಜುಂಡ ಒಳಗಿನ ಅಂಕಣದಲ್ಲಿ ನನಗೆ ಜಾಗ ಬಿಟ್ಟ.

ಅವನ ಮಗ ಓಲಗ ಮುಟ್ಟಲಿಲ್ಲ. ಈರುಳ್ಳಿ ಲಾರಿ ಹತ್ತಿ ಕೇರಳಕ್ಕೆ ಓಡಾಡುತ್ತಿದ್ದ. ಮಗನ ಮಗಳು ಭವ್ಯ ಮುಟ್ಟಿದಳು. ಆರನೇ ಕ್ಲಾಸಿನಲ್ಲಿದ್ದಾಗ ತಾನೇ ಗೂಡಿನಿಂದ ಓಲಗ ತೆಗೆದು ಊದಿದಳು. ಪೀಪಿ ಬಿರುಕು ಬಿಡಲಿಲ್ಲ. ನಂಜುಂಡ ನನ್ನ ಮುಖ ನೋಡಿದ. ಬೇಡ ಅನ್ನಲು ಅಲ್ಲಿ ಅಪ್ಪ ಇರಲಿಲ್ಲ. ಊದುವವರು ಸಿಗದೆ ನಂಜುಂಡನಿಗೂ ಕಷ್ಟವಾಗಿತ್ತು. ಹಾಗೆ ಅವಳ ಪಾಠ ಶುರುವಾಯಿತು. ಅವನು ಬಾಯಲ್ಲಿ ಹೇಳುವುದು, ಅವಳು ಊದುವುದು, ನಾನು ತಪ್ಪು ಹೇಳುವುದು. ಈ ಸಲ ಬಾಗಿಲ ಹಿಂದೆ ಅಲ್ಲ, ಎದುರಿಗೇ ಕೂತು. ಬೆರಳಿನ ಪಾಠವನ್ನೂ ಬಿಡಲಿಲ್ಲ. ಅವಳು ಶಾಲೆಯ ಲೆಕ್ಕ ಮಾಡುತ್ತಿದ್ದರೆ ನಾನು ಮುದ್ದೆ ಕೋಲು ಕೆಳಗಿಟ್ಟು ಬೆರಳು ಎತ್ತುತ್ತಿದ್ದೆ. ಪೆನ್ನು ಎಸೆದು ಹಾರುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ತೋಡಿ ನಂಜುಂಡನ ತೋಡಿಯನ್ನು ಮೀರಿತ್ತು. ನಾನು ಅದನ್ನು ಅವಳಿಗೆ ಹೇಳಲಿಲ್ಲ.

ಚಾಮರಾಜನಗರ ಜಿಲ್ಲೆಯಾಗಿ ಏಳೆಂಟು ವರ್ಷ ಆಗಿದ್ದ ಕಾಲ ಅದು. ಅಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಊರಿನವರನ್ನೇ ಸೇರಿಸಿ ಒಂದು ವಾದ್ಯವೃಂದ ಕಟ್ಟಿದ್ದರು. ಪಿಟೀಲು, ವೀಣೆ, ಕೊಳಲು, ಮೃದಂಗ ಎಲ್ಲ ಸೇರಿ ಇಪ್ಪತ್ತು ಜನ. ಬ್ಯಾಂಕಿನವರ ಮಗಳು, ಡಾಕ್ಟರ ಹೆಂಡತಿ, ರೇಷ್ಮೆ ಇಲಾಖೆಯ ಗುಮಾಸ್ತ, ಇಬ್ಬರು ಟೀಚರಮ್ಮಂದಿರು, ಹೀಗೆ. ಮೇಷ್ಟ್ರು ಅಲ್ಲಿನ ಒಂದು ಮದುವೆಯಲ್ಲಿ ಭವ್ಯ ಊದಿದ್ದನ್ನು ಕೇಳಿ, ವಿಳಾಸ ವಿಚಾರಿಸಿಕೊಂಡು ನಮ್ಮ ಮನೆಗೆ ಬಂದರು. ಒಳಗೆ ಬಂದು, ಚಾಪೆಯ ಮೇಲೆ ಕೂತು, ನಮ್ಮ ಲೋಟದಲ್ಲಿ ಕಾಫಿ ಕುಡಿದರು. ಅವರನ್ನು ಕೆಟ್ಟವರು ಅನ್ನಲಾರೆ.

“ನಂಜುಂಡಪ್ಪನವರೇ, ನಮ್ಮ ಕಛೇರಿಯಲ್ಲಿ ಮೂರು ಮಕ್ಕಳಿಗೆ ಒಂಟಿಯಾಗಿ ನುಡಿಸೋ ಅವಕಾಶ ಕೊಡ್ತಿದ್ದೀವಿ. ನಿಮ್ಮ ಮೊಮ್ಮಗಳೂ ಇರಲಿ. ಮೈಸೂರಿನಿಂದ ವಿದ್ವಾಂಸರು ಬರ್ತಾರೆ. ಅವರು ಮೆಚ್ಚಿದರೆ ಅಲ್ಲೇ ಹಾಸ್ಟೆಲಿನಲ್ಲಿ ಇರಿಸಿ, ಕಾಲೇಜು, ಸಂಗೀತ ಎರಡನ್ನೂ ಓದಿಸ್ತಾರೆ.”

ನಂಜುಂಡನಿಗೆ ಅಪ್ಪನವರೇ ಅಂದವರು ಅವರೇ ಮೊದಲು. ಅವನು ಎದ್ದು ನಿಂತು ಮತ್ತೆ ಕೂರುವುದನ್ನು ಮರೆತ. ಭವ್ಯಳಿಗೆ ಇದು ಆಟದ ಮಾತಾಗಿರಲಿಲ್ಲ. ಅವಳಪ್ಪ ಆಗಲೇ ಹೇಳಿಬಿಟ್ಟಿದ್ದ, ಹತ್ತನೇ ಕ್ಲಾಸು ಮುಗಿದರೆ ಸಾಕು, ಅತ್ತೆಯ ಮಗ ಕಾಯುತ್ತಿದ್ದಾನೆ ಅಂತ. ಮೇಷ್ಟ್ರು ಬಂದು ಹೋದ ಮೇಲೆ ಅವನ ಹತ್ತಿರ ಹೋಗಿ ಕೇಳಿದಳು.

“ಅಪ್ಪ, ಮೈಸೂರ್ನವ್ರು ಕರೆದ್ರೆ ಕಳಿಸ್ತೀಯಾ?”

“ಕರುದ್ರೆ ನೋಡನ ಬುಡು. ಕರೀದಿದ್ರೆ ಆಮ್ಯಾಕೆ ಅಳ್ಕೂಡ್ದು.”

ನಾಲ್ಕು ತಿಂಗಳು ಪ್ರತಿ ಭಾನುವಾರ ನಾವು ಮೂವರೂ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಬಂದೆವು. ಓಲಗದ ಸದ್ದಿಗೆ ಆ ಕೋಣೆ ಸಾಲುತ್ತಿರಲಿಲ್ಲ. ಟೀಚರಮ್ಮ ಒಬ್ಬರು ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಓಲಗದ ಶ್ರುತಿಯೂ ಅವರ ಶ್ರುತಿಗೆ ಸೇರುವುದಿಲ್ಲ. ಅದಕ್ಕೆ ಮೇಷ್ಟ್ರು, ಭವ್ಯ ತನ್ನ ತೋಡಿ ಕೀರ್ತನೆಯನ್ನು ಅಜ್ಜನ ಡೋಲಿನ ಜೊತೆ ಬೇರೆಯಾಗಿಯೇ ಊದಲಿ ಅಂದರು. ಮಿಕ್ಕ ಹೊತ್ತು ಅವಳು ಮೂಲೆಯಲ್ಲಿ ಕೂತು ಅವರ ಪಿಟೀಲು, ವೀಣೆ ಕೇಳುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸರಳಿನ ಮೇಲೆ ಬೆರಳಾಡಿಸುತ್ತಾ ಅವರ ಕೀರ್ತನೆಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಇವತ್ತು ಯಾರು ಯಾರು ಎಲ್ಲಿ ತಪ್ಪಿದರು ಅಂತ ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು.

ಕಛೇರಿ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಯಾರದೋ ಮದುವೆ ಆಗಿತ್ತು. ಸ್ಟೇಜಿನ ಹಿಂದೆ ಥರ್ಮಾಕೋಲಿನ ನವಿಲು ಹಾಗೇ ಇತ್ತು, ನೆಲದಲ್ಲಿ ಅಕ್ಷತೆ ಕಾಲಿಗೆ ಸಿಗುತ್ತಿತ್ತು. ನಮ್ಮನ್ನು ಮುಂದಿನ ಸಾಲಿನ ಪಕ್ಕದ ಕುರ್ಚಿಗಳಲ್ಲಿ ಕೂರಿಸಿದರು. ಮಂಟಪದ ಒಳಗೆ ಕುರ್ಚಿಯಲ್ಲಿ ಕೂತದ್ದು ನನಗೆ ಅದೇ ಮೊದಲು. ಮೈಸೂರಿನ ವಿದ್ವಾಂಸರು ಬಿಳಿ ಜುಬ್ಬಾ ಹಾಕಿಕೊಂಡು ಬಂದರು. ತಗ್ಗಿದ ಮಾತಿನ ಮನುಷ್ಯ. ಭವ್ಯಳನ್ನು ಹತ್ತಿರ ಕರೆದು ಅವಳ ಓಲಗವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ನೋಡಿದರು.

“ಪೂರ್ತಿ ಕೇಳ್ತೀನಿ ಮಗು. ಅರ್ಧ ಕೇಳಿ ನಾನು ಯಾರಿಗೂ ಏನೂ ಹೇಳೋದಿಲ್ಲ.”

ಮೊದಲು ವೃಂದದವರು ಎಲ್ಲರೂ ಸೇರಿ ಎರಡು ಕೀರ್ತನೆ ನುಡಿಸಿದರು. ಆಮೇಲೆ ಭಾನುವಾರಗಳಲ್ಲಿ ನಾವು ಕಂಡಿರದ ಒಬ್ಬ ಹುಡುಗಿ ಪಿಟೀಲಿನಲ್ಲಿ ಕಲ್ಯಾಣಿ. ಜರಿ ಲಂಗ, ಮೈತುಂಬ ಹೂವು, ಹತ್ತು ಹನ್ನೊಂದು ವಯಸ್ಸು. ಚಪ್ಪಾಳೆ ಜೋರಾಗಿ ಬಿತ್ತು. ಎರಡನೆಯದು ಕೊಳಲು. ಮೂರನೆಯವಳು ಭವ್ಯ. ಮುಖ್ಯ ಅತಿಥಿ ಇನ್ನೂ ಬಂದಿರಲಿಲ್ಲ. ಯಾರೋ ದೊಡ್ಡ ಮನುಷ್ಯರು, ಅವರು ಬಂದ ಮೇಲೆ ದೀಪ, ಭಾಷಣ, ಹಾರ. ಭವ್ಯ ನಿಧಾನವಾಗಿ ತೋಡಿ ಎತ್ತಿಕೊಂಡಳು. ಕೀರ್ತನೆಯ ಪಲ್ಲವಿ ಮುಗಿಸಿದಳು, ಅನುಪಲ್ಲವಿ ಮುಗಿಸಿದಳು. ಗಾಂಧಾರ ಹೇಗೆ ಅಲ್ಲಾಡಬೇಕೋ ಹಾಗೆ ಅಲ್ಲಾಡಿತು. ನನ್ನ ಕೈಯಲ್ಲಿ ತಂಬಿಗೆ ಇದ್ದಿದ್ದರೆ ಒಂದು ಸಲವೂ ಕುಟ್ಟುವಂತಿರಲಿಲ್ಲ. ಕಿವಿ ಮುಚ್ಚುತ್ತಿದ್ದ ಟೀಚರಮ್ಮನೂ ಕೈ ಕೆಳಗಿಟ್ಟಿದ್ದರು. ವಿದ್ವಾಂಸರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಇನ್ನು ಚರಣ ಉಳಿದಿತ್ತು. ಕೀರ್ತನೆಯ ಕೊನೆಯ ಭಾಗ ಅದು, ಅವಳು ಚೆನ್ನಾಗಿ ಊದುತ್ತಿದ್ದದ್ದೂ ಅದನ್ನೇ.

ಅಷ್ಟರಲ್ಲಿ ಬಾಗಿಲ ಹತ್ತಿರ ಗದ್ದಲವಾಯಿತು. ಮುಖ್ಯ ಅತಿಥಿ ಬಂದರು. ಮೇಷ್ಟ್ರು ಸ್ಟೇಜಿನ ಪಕ್ಕಕ್ಕೆ ಓಡಿ ಬಂದು, ಒಂದು ನಿಮಿಷ ನಿಲ್ಲಿಸು ಅಂತ ಹೇಳಲು, ಕೈ ಮೇಲೆತ್ತಿ ತೋರುಬೆರಳು ಅಲ್ಲಾಡಿಸಿದರು.

ಭವ್ಯ ಗಟ್ಟಿಮೇಳ ಹಾಕಿದಳು. ನಂಜುಂಡನಿಗೆ ಅರವತ್ತು ದಾಟಿತ್ತು, ಅವನ ಕೈಯೂ ಅವನನ್ನು ಕೇಳಲಿಲ್ಲ. ಇಬ್ಬರೂ ಒಂದೇ ಉಸಿರಿಗೆ, ಒಂದು ಕೂದಲೆಳೆ ತಡ ಇಲ್ಲದೆ, ಮಂಟಪದ ತಗಡು ನಡುಗುವ ಹಾಗೆ. ಮುಖ್ಯ ಅತಿಥಿ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದಿನ ಸಾಲಿನ ಒಬ್ಬ ಮುದುಕಿ ಅಭ್ಯಾಸಬಲದಿಂದ ಎದ್ದು ಅಕ್ಷತೆ ಎಸೆಯಲು ಕೈ ಎತ್ತಿದಳು. ಕೈಯಲ್ಲಿ ಅಕ್ಷತೆ ಇರಲಿಲ್ಲ. ಆಮೇಲೆ ನಗು ಶುರುವಾಯಿತು. ಮುಂದಿನಿಂದ ಹಿಂದಿನವರೆಗೆ ಎಲ್ಲರೂ ನಕ್ಕರು. ಮೇಷ್ಟ್ರು ನಾಚಿಕೆ ಮುಚ್ಚಿಕೊಳ್ಳಲು ಮೈಕು ಹಿಡಿದು ತಮಾಷೆ ಮಾಡಿದರು.

“ಮದುವೆ ನಿನ್ನೇನೇ ಆಗೋಯ್ತು ಮಗು! ಇವತ್ತು ತಾಳಿ ಕಟ್ಟೋರು ಯಾರೂ ಬಂದಿಲ್ಲ.”

ಮತ್ತೆ ನಗು. ಭವ್ಯ ಓಲಗ ಇಳಿಸಿ ಸುತ್ತ ನೋಡಿದಳು. ತಾನು ಏನು ತಪ್ಪಿದೆ ಅಂತ ಅವಳಿಗೆ ತಿಳಿಯಲಿಲ್ಲ. ತಪ್ಪೇ ಇರಲಿಲ್ಲ. ಬೆರಳು ಎದ್ದಿತ್ತು, ಊದಿದ್ದಳು. ನಂಜುಂಡ ಡೋಲಿನ ಮೇಲೆ ಎರಡೂ ಅಂಗೈ ಒತ್ತಿ ತಲೆ ತಗ್ಗಿಸಿದ. ಹಾರ, ದೀಪ, ಭಾಷಣ ಒಂದು ಗಂಟೆ ಆಯಿತು. ಆಮೇಲೆ ಹೊತ್ತಾಯಿತು ಅಂತ ವೃಂದದವರು ಮಂಗಳ ನುಡಿಸಿ ಮುಗಿಸಿದರು. ಚರಣವನ್ನು ಯಾರೂ ಕೇಳಲಿಲ್ಲ.

ಊಟದ ಹಾಲಿನಲ್ಲಿ ಉಪ್ಪಿಟ್ಟು, ಕೇಸರಿಬಾತು ಕೊಡುತ್ತಿದ್ದರು. ನಂಜುಂಡ ತಿನ್ನಲು ಬರಲಿಲ್ಲ. ಹೊರಗೆ ಡೋಲಿಗೆ ಬಟ್ಟೆ ಸುತ್ತುತ್ತಾ ಕೂತಿದ್ದ.

“ಮನೆಗ್ ಓಗನ ನಡಿಯಕ್ಕ. ಸಾಕು.”

“ಸಾಕು ಅಂತ ನೀನು ಅಂದ್ಕ. ಆ ಕೂಸಿಗೆ ಸಾಕಾ?”

ನಾನು ಭವ್ಯಳ ಕೈ ಹಿಡಿದು ಸೀದಾ ವಿದ್ವಾಂಸರ ಮೇಜಿನ ಹತ್ತಿರ ಹೋದೆ. ಅವರ ಪಕ್ಕದಲ್ಲಿ ಪಿಟೀಲಿನ ಹುಡುಗಿಯೂ ಅವಳ ತಾಯಿಯೂ ಕೂತು ತಿನ್ನುತ್ತಿದ್ದರು.

“ಸ್ವಾಮಿ, ನೀವು ಅರ್ಧ ಕೇಳಿದ್ದೀರಿ. ಉಳಿದಿದ್ದೂ ಕೇಳ್ಬುಡಿ. ಐದು ನಿಮಿಷ.”

ಅವರು ನಗಲಿಲ್ಲ. ಎಲ್ಲರೂ ನಕ್ಕಾಗಲೂ ಅವರು ನಕ್ಕಿರಲಿಲ್ಲ, ನಾನು ನೋಡಿದ್ದೆ.

“ಕೇಳಲೇಬೇಕಮ್ಮ. ನಾನೇ ಹೇಳಿ ಕಳಿಸೋಣ ಅಂತಿದ್ದೆ. ಮೇಲೆ ಹೆಣ್ಣಿನ ಕಡೆಯವರ ಕೋಣೆ ಖಾಲಿ ಇದೆ. ಹೋಗು ಮಗು, ವಾದ್ಯ ತಗೊಂಡು ಬಾ.”

ಭವ್ಯ ಓಡಿದಳು. ಓಲಗ ಸ್ಟೇಜಿನ ಹಿಂದೆ ಚೀಲದಲ್ಲಿತ್ತು. ಒಣಗಿದ ಪೀಪಿಯನ್ನು ಬಾಯಲ್ಲಿಟ್ಟು ನೆನೆಸದೆ ಊದಲು ಬರುವುದಿಲ್ಲ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ವಿದ್ವಾಂಸರು ನನಗೆ ಕುರ್ಚಿ ತೋರಿಸಿ, ಕೂರಿ ಅಂದರು. ಕೂತೆ.

“ನಿಮ್ಮದು ತಲೆತಲಾಂತರದ ಮನೆ. ಕೇಳಿ ಕೇಳಿ ಪಳಗಿದ ಕಿವಿ. ಹೇಳಿಯಮ್ಮ, ಇವತ್ತಿನ ಕಛೇರಿ ಹೇಗಿತ್ತು?”

ನನ್ನ ಜೀವಮಾನದಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ, ಕುಟ್ಟು ಅಂದಿದ್ದ. ಗಂಡ, ಮೈದುನ ಯಾರೂ ಕೇಳದೆಯೇ ನಾನು ಹೇಳಿ ಬೈಸಿಕೊಂಡಿದ್ದೆ. ಈಗ ಮೈಸೂರಿನ ವಿದ್ವಾಂಸರು ಕುರ್ಚಿ ಕೊಟ್ಟು, ಮುಖ ನೋಡಿ ಕೇಳುತ್ತಿದ್ದಾರೆ. ನನ್ನ ಎದೆ ಉಬ್ಬಿತು. ಚೆನ್ನಾಗಿತ್ತು ಸ್ವಾಮಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೋಟೆಲಿನಲ್ಲಿ ಕಾಫಿ ಕುಡಿದವನೂ ಅಷ್ಟು ಅನ್ನುತ್ತಾನೆ.

“ಮೃದಂಗದವ್ರು ಎಲ್ಡನೆ ಕೀರ್ತನೇಲಿ ತಾಳ ಬುಟ್ಟು ಓಡುದ್ರು. ಕೊಳ್ಲು ಮಗ ಉಸುರು ಕದ್ದ. ಪಿಟೀಲು ಕೂಸು ಕಲ್ಯಾಣೀಲಿ ಮಧ್ಯಮ ಇಳಿಸ್ಬುಡ್ತು. ಒಂದ್ಸಲ ಅಲ್ಲ, ಮೂರು ಸಲ. ಶಂಕರಾಭರಣಕ್ಕೆ ಓಗಿ ಓಗಿ ಬಂತು. ಅದುಕ್ಕೇ ನೀವೆಲ್ಲ ಚಪ್ಪಾಳೆ ಒಡುದ್ರಿ. ಕಲಿಸ್ದೋರ್ಗೆ ಕಿವಿ ಇಲ್ಲ ಅನ್ಸುತ್ತೆ.”

ಪಿಟೀಲಿನ ಹುಡುಗಿಯ ಚಮಚ ತಟ್ಟೆಯ ಮೇಲೆ ನಿಂತಿತು. ಆಮೇಲೆ ಜೋರಾಗಿ ಅತ್ತಳು. ತಾಯಿ ಅವಳನ್ನು ತಬ್ಬಿಕೊಂಡು ವಿದ್ವಾಂಸರ ಕಡೆ ನೋಡಿದಳು.

“ಏನಪ್ಪ ಇದು? ನೀನೇ ಕಲಿಸಿ, ನೀನೇ ಕೂರಿಸಿಕೊಂಡು ಇದನ್ನ ಕೇಳಿಸ್ತೀಯಾ ಮಗೂಗೆ?”

ಆಗ ಗೊತ್ತಾಯಿತು. ಅದು ಅವರ ಮೊಮ್ಮಗಳು. ಕಲಿಸಿದವರೂ ಅವರೇ. ಮೊದಲೇ ಗೊತ್ತಿದ್ದರೆ ಹೇಳುತ್ತಿರಲಿಲ್ಲ ಅಂತ ಈಗ ಅನ್ನಬಹುದು. ಅದು ಸುಳ್ಳು. ಇನ್ನೂ ಬಿಡಿಸಿ ಹೇಳುತ್ತಿದ್ದೆನೋ ಏನೋ. ವಿದ್ವಾಂಸರು ನನ್ನನ್ನು ಬೈಯಲಿಲ್ಲ. ಎದ್ದು ಕೈ ತೊಳೆದುಕೊಂಡರು. ಅಳುವ ಮಗುವನ್ನು ಎತ್ತಿಕೊಂಡರು. ಎತ್ತಿಕೊಳ್ಳುವ ವಯಸ್ಸಲ್ಲ ಅದು, ಆದರೂ ಎತ್ತಿಕೊಂಡರು.

“ನೀವು ಹೇಳಿದ್ದು ನಿಜ ಅಮ್ಮ. ಮಧ್ಯಮ ಇಳೀತು. ಆದರೆ ಇವತ್ತು ಇನ್ನು ಏನೂ ಕೇಳಲಾರೆ. ಇನ್ನೊಂದು ಸಲ ನೋಡೋಣ.”

ಇನ್ನೊಂದು ಸಲ ಬರುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾರಿನ ಬಾಗಿಲು ಹಾಕಿದ ಸದ್ದು ಊಟದ ಹಾಲಿನವರೆಗೂ ಕೇಳಿತು.

ಭವ್ಯ ಬಂದಳು. ಎರಡೂ ಕೈಯಲ್ಲಿ ಓಲಗ ಹಿಡಿದಿದ್ದಳು. ಪೀಪಿ ಬಾಯಲ್ಲಿ ನೆನೆಯುತ್ತಿತ್ತು, ಅದಕ್ಕೆ ಮಾತಾಡುವ ಹಾಗಿರಲಿಲ್ಲ. ಖಾಲಿ ಕುರ್ಚಿ ನೋಡಿದಳು, ಅರ್ಧ ತಿಂದ ತಟ್ಟೆಗಳನ್ನು ನೋಡಿದಳು, ಆಮೇಲೆ ನನ್ನನ್ನು. ಎಲ್ಲಿ ಅಂತ ಹುಬ್ಬಿನಲ್ಲೇ ಕೇಳಿದಳು.

“ಓದ್ರು,” ಅಂದೆ.

ಅವಳು ಪೀಪಿಯನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು.

“ಯಾಕಜ್ಜಿ? ಏನಂದೆ ನೀನು?”

“ಎಂಗ್ ನುಡಿಸುದ್ರು ಅಂತ ಕೇಳುದ್ರು. ಏಳ್ದೆ. ಪಿಟೀಲು ಕೂಸು ಮಧ್ಯಮ ಇಳಿಸ್ತು ಅಂತ. ಇಳಿಸಿದ್ದು ದಿಟ ತಾನೆ?”

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಲೋ ಬೈಯಲೋ ನನಗೆ ಒಂದು ದಾರಿ ಇರುತ್ತಿತ್ತು. ಅಂಗೈಯಲ್ಲಿದ್ದ ಪೀಪಿಯನ್ನು ಲಂಗದ ಅಂಚಿನಲ್ಲಿ ಒರೆಸಿದಳು.

“ದಿಟ ಅಜ್ಜಿ. ನಾಲ್ಕು ಸಲ ಇಳಿಸ್ತು. ನೀನು ಒಂದು ಬುಟ್ಬುಟ್ಟೆ. ನಂಗೂ ಕೇಳುಸ್ತು ಕಣ. ನಾನು ಏಳ್ಲಿಲ್ಲ.”

ಅಷ್ಟು ಹೇಳಿ ನಂಜುಂಡನಿದ್ದ ಕಡೆ ನಡೆದಳು. ಮುಂದಿನ ವರ್ಷ ಹತ್ತನೇ ಕ್ಲಾಸು ಮುಗಿಸಿದಳು, ಅದೇ ಬೇಸಗೆಯಲ್ಲಿ ಅವಳಪ್ಪ ಮಾತು ಆಡಿ ಮುಗಿಸಿದ. ಮದುವೆಗೆ ಓಲಗ ಊದಲು ಬೇರೆ ಊರಿನವರನ್ನು ಕರೆಸಬೇಕಾಯಿತು. ಅವರು ಬಹಳ ಕೆಟ್ಟದಾಗಿ ಊದಿದರು. ನಾನು ಬಾಯಿ ಬಿಡಲಿಲ್ಲ. ಯಾರೂ ನನ್ನನ್ನು ಕೇಳಲೂ ಇಲ್ಲ.